ಮುಳ್ಳು ಆ ಕಡೆ ಇದೆ

ಫೆಬ್ರವರಿ 3

ಮಗಳೇ,

ಇದನ್ನ ಫೋನಿನಲ್ಲೇ ಹೇಳಬಹುದಿತ್ತು. ಆದ್ರೆ ಅಜ್ಜಿ ವಿಷಯ ಬಂದ್ರೆ ನಾನು ಫೋನ್ ಪಕ್ಕಕ್ಕಿಟ್ಟು ಮೂಗು ಒರೆಸ್ಕೋತೀನಿ, ನೀನು ಆ ಕಡೆಯಿಂದ ಹಲೋ ಹಲೋ ಅಂತೀಯ, ಕೊನೆಗೆ ಇಬ್ಬರೂ ಊಟ ಆಯ್ತಾ ಅಂತ ಕೇಳ್ಕೊಂಡು ಇಟ್ಟುಬಿಡ್ತೀವಿ. ಅದಕ್ಕೇ ಕಾಗದ ಬರೀತಿದ್ದೀನಿ.

ಏಪ್ರಿಲ್ ಹದಿನೆಂಟಕ್ಕೆ ಅಜ್ಜಿ ಹೋಗಿ ಒಂದು ವರ್ಷ. ಅವತ್ತು ಎಲ್ಲರೂ ನಮ್ಮನೇಲಿ ಸೇರೋಣ ಅಂತ ನಿನ್ನ ಮಾವ ಹೇಳಿದ್ದಾನೆ. ನಾನೊಂದು ದಪ್ಪ ನೋಟ್‌ಬುಕ್ ತಂದಿಟ್ಟಿದ್ದೀನಿ. ಅಜ್ಜಿ ಆಡಿದ ಮಾತು, ಮಾಡಿದ ಚೇಷ್ಟೆ, ಯಾರಿಗೆ ಏನು ನೆನಪಿದೆಯೋ ಅದನ್ನ ಅದರಲ್ಲಿ ಬರೆಯೋದು. ಮಾವ ಎರಡು ಪುಟ ಬರೆದುಕೊಟ್ಟ. ಅದರಲ್ಲಿ ಒಂದೂವರೆ ಪುಟ ಅವನ ಬಗ್ಗೇನೇ ಇದೆ.

ನೀನು ಕಾಲೇಜಿಗೆ ಸೇರಿದಾಗಿನಿಂದ ಆರು ವರ್ಷ ಗಡಿಯಾರದಂಗಡಿ ಮೇಲಿನ ಆ ಕೋಣೇಲಿ ಅವಳ ಜೊತೆ ಇದ್ದವಳು. ನಮಗಿಂತ ಹೆಚ್ಚು ನಿನಗೇ ಗೊತ್ತು. ಅವಳು ಹೋದಮೇಲೆ ನೀನು ಅವಳ ಬಗ್ಗೆ ಒಂದು ಮಾತೂ ಆಡಿಲ್ಲ. ದುಃಖಕ್ಕೆ ಇರಬೇಕು ಅಂತ ನಾನೂ ಕೆದಕಲಿಲ್ಲ. ಈಗ ಬರೆದು ಕಳಿಸು. ನಗೋ ಥರದ್ದು ಬರಿ. ಅಳೋಕೆ ನಾವು ಸಾಕಷ್ಟು ಜನ ಇದ್ದೀವಿ.

ಆಸ್ಪತ್ರೆ ಲಾಂಡ್ರೀಲಿ ಈಗ ಬೆಳಗಿನ ಪಾಳಿ ಕೊಟ್ಟಿದ್ದಾರೆ. ಮಧ್ಯಾಹ್ನ ಮನೇಲೇ ಇರ್ತೀನಿ.

ನಿನ್ನ ಅಮ್ಮ


ಫೆಬ್ರವರಿ 20

ಅಮ್ಮಾ,

ತಡವಾಯಿತು. ಪ್ರೆಸ್ಸಿನಲ್ಲಿ ಶಾಲೆಯ ಪಠ್ಯಪುಸ್ತಕಗಳ ಕರಡು ಬಂದು ಬಿದ್ದಿದೆ, ದಿನವಿಡೀ ಅಕ್ಷರ ತಿದ್ದಿ ತಿದ್ದಿ ಕಣ್ಣು ಉರಿಯುತ್ತದೆ. ಇದು ನೆಪ ಅಂತ ನಿನಗೆ ಗೊತ್ತಾಗುತ್ತದೆ. ಇರಲಿ, ಬರೆಯುತ್ತೇನೆ.

ತಾತ ತೀರಿಕೊಂಡ ವಾರ ರಿಪೇರಿಗೆ ಕೊಟ್ಟಿದ್ದ ಗಡಿಯಾರ ವಾಪಸ್ ಕೇಳಲು ಜನ ಬಂದರಂತೆ. ಅಜ್ಜಿ ಎಲ್ಲರಿಗೂ "ಗುರುವಾರ ಬನ್ನಿ" ಎಂದಳಂತೆ. ನಾಲ್ಕು ದಿನ ಬಾಗಿಲು ಹಾಕಿಕೊಂಡು, ತಾತನ ಕೈಗಡಿಯಾರವನ್ನೇ ಹದಿನೈದು ಸಲ ಬಿಚ್ಚಿ, ಹದಿನೈದು ಸಲ ಜೋಡಿಸಿದಳು. ಹದಿನಾರನೇ ಸಲ ಅದು ಓಡಿತು. ಗುರುವಾರ ಬಂದ ಮೊದಲ ಗಿರಾಕಿ, ಮೀಸೆ ದೊಡ್ಡದಿತ್ತಂತೆ, ಅಂಗಡಿಯಲ್ಲಿ ಅವಳು ಕೂತಿದ್ದು ನೋಡಿ, "ಹೆಂಗಸರು ಗಡಿಯಾರ ಮುಟ್ಟೋದಾ?" ಎಂದ. ಅಜ್ಜಿ ತಲೆ ಎತ್ತದೆ, "ನಿಮ್ಮ ಗಡಿಯಾರಕ್ಕೆ ಗೊತ್ತಾಗೋದಿಲ್ಲ ಬಿಡಿ. ನೀವು ಮಾತ್ರ ಹೋಗಿ ಅದರ ಕಿವೀಲಿ ಹೇಳ್ಬೇಡಿ" ಎಂದಳು. ಆ ಮನುಷ್ಯ ಮುಂದಿನ ಇಪ್ಪತ್ತು ವರ್ಷ ಅವಳಿಗೇ ಗಡಿಯಾರ ಕೊಟ್ಟ.

ಅಂಗಡಿ ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತಿದ್ದವಲ್ಲ, ಒಬ್ಬ ಮೇಷ್ಟ್ರು ಬಂದು, "ಇದರಲ್ಲಿ ಸರಿಯಾದದ್ದು ಯಾವುದಮ್ಮ?" ಎಂದು ಕೇಳಿದರು. "ಒಂದೂ ಇಲ್ಲ ಮೇಷ್ಟ್ರೇ. ಸರಿ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ವು?"

ಪಕ್ಕದ ಅಂಗಡಿಯಲ್ಲಿ ಬೀಗದ ಕೀ ಮಾಡುವವರನ್ನು "ಕಳ್ಳ" ಎಂದೇ ಕರೆಯುತ್ತಿದ್ದಳು. ಬೀದಿಯ ತುದಿಗೆ ಕೇಳುವಂತೆ, "ಏಯ್ ಕಳ್ಳಾ, ಟೀ ಕುಡೀತೀಯಾ?" ಅವರು ಅಷ್ಟೇ ಜೋರಾಗಿ "ಬಂದೆ ಮಹಾತಾಯಿ" ಎನ್ನುವರು. ನಾನು ಮೊದಲ ವಾರ ಹೆದರಿಕೊಂಡಿದ್ದೆ.

ನಮ್ಮೆಲ್ಲರಿಗೂ ಅವಳು ಇಟ್ಟ ಹೆಸರು ನೋಟ್‌ಬುಕ್ಕಿನಲ್ಲಿ ಬರಲಿ. ಬೆಳಗಾದರೆ ಎಲ್ಲರ ಮೇಲೆ ಕೂಗಾಡುವ ಮಾವ "ಅಲಾರಂ". ಯಾವ ಕೆಲಸಕ್ಕೂ ನಿಧಾನವಾಗಿ ಏಳುವ ನೀನು "ಗಂಟೆಮುಳ್ಳು". ಒಂದು ಕಡೆ ನಿಲ್ಲದ ನಾನು "ಸೆಕೆಂಡು". ಕಾಲೇಜಿನಿಂದ ಬಂದರೆ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಿ, "ಬಂತು ನೋಡು ನನ್ನ ಸೆಕೆಂಡು, ಓಡಿ ಓಡಿ ಮತ್ತೆ ಅಲ್ಲಿಗೇ ಬಂತು" ಎನ್ನುತ್ತಿದ್ದಳು.

ನಾನು ದಿನಾ ತಡವಾಗಿ ಬರುತ್ತೇನೆಂದು ಪ್ರಿನ್ಸಿಪಾಲರು ಅವಳನ್ನು ಕರೆಸಿದ್ದರು. ಗಡಿಯಾರದಂಗಡಿಯವರ ಮನೆಯ ಹುಡುಗಿಗೇ ಹೊತ್ತಿನ ಪರಿವೆ ಇಲ್ಲವೇ ಅಂತ. ಅಜ್ಜಿ ಅವರ ಗೋಡೆಯ ಕಡೆ ನೋಡಿದಳು. "ಅದು ಒಂಬತ್ತು ನಿಮಿಷ ಮುಂದಿದೆ. ಸ್ಟೂಲ್ ಕೊಡಿ." ಹತ್ತಿ, ಇಳಿಸಿ, ಸರಿಮಾಡಿ, ಕೆಳಗಿಳಿದು ಅವರನ್ನೇ ಗದರಿದಳು: "ನೀವು ಇಷ್ಟು ವರ್ಷ ಮಕ್ಕಳಿಂದ ದಿನಾ ಒಂಬತ್ತು ನಿಮಿಷ ಕದ್ದಿದ್ದೀರಿ." ನಾನು ತಡವಾಗುತ್ತಿದ್ದದ್ದು ಇಪ್ಪತ್ತು ನಿಮಿಷ. ಉಳಿದ ಹನ್ನೊಂದರ ಬಗ್ಗೆ ದಾರಿಯಲ್ಲಿ ನನಗೆ ಬೇರೆಯಾಗಿ ಬಿತ್ತು.

ಇಷ್ಟು ಸಾಕಲ್ಲವೇ?

ನಿನ್ನ ಮಗಳು


ಮಾರ್ಚ್ 9

ಮಗಳೇ,

ನಿನ್ನ ಕಾಗದಾನ ಬಸ್ಸಿನಲ್ಲಿ ಓದಿ, ಪಕ್ಕದಲ್ಲಿದ್ದವಳು ಎದ್ದು ಬೇರೆ ಸೀಟಿಗೆ ಹೋಗೋ ಹಾಗೆ ನಕ್ಕೆ. ನೋಟ್‌ಬುಕ್ಕಿಗೆ ಅಕ್ಷರ ಬಿಡದೆ ಇಳಿಸಿದ್ದೀನಿ. ಅಲಾರಂ ಅಂತ ಬರೆದಿದ್ದಕ್ಕೆ ಮಾವ ಬೆಳಗ್ಗೆ ಬೆಳಗ್ಗೇನೇ ಬಂದು ಕೂಗಾಡಿ ಹೋದ.

ಸಾಕಾ ಅಂತ ಕೇಳಿದೀಯಲ್ಲ. ಸಾಲದು. ಆದ್ರೆ ಒಂದು ಮಾತು. ನಮ್ಮನೇಲಿ ಕಳೆದ ಆ ಕೊನೇ ಹದಿನಾಲ್ಕು ತಿಂಗಳಿನ ಅಜ್ಜಿ ವಿಷಯ ಯಾರೂ ಬರೀಬಾರದು ಅಂತ ನಾನು ಹೇಳಿದ್ದೀನಿ. ಅದು ಅವಳಲ್ಲ. ಅದು ಮರೆವಿನ ಕಾಯಿಲೆ.

ನೀನು ಆಗಲೇ ಕೆಲಸಕ್ಕೆ ಹೋಗಿಬಿಟ್ಟಿದ್ದೆ, ನೋಡಿಲ್ಲ. ಒಂದಿನ ಪಾಳಿ ಮುಗಿಸಿ ಬರ್ತೀನಿ, ಅಡುಗೆಮನೆ ಗಡಿಯಾರಾನ ಹಾಸಿಗೆ ಮೇಲೆ ಬಿಚ್ಚಿ ಹರಡಿಕೊಂಡು ಕೂತಿದ್ದಾಳೆ. ಮಕ್ಕಳು ಆಟಿಕೆ ಕಿತ್ತುಹಾಕ್ತಾವಲ್ಲ, ಹಾಗೆ. ನಾನು ಕಿರುಚಿ ಕಿತ್ಕೊಂಡೆ. ಚಕ್ರಗಳೆಲ್ಲ ಮಂಚದ ಕೆಳಗೆ ಉರುಳಿಹೋದ್ವು. ಅವಳು ಕೈ ಮಡಚಿಕೊಂಡು ಗೋಡೆ ಕಡೆ ತಿರುಗಿದಳು. ಆಮೇಲೆ ಅವಳ ಸ್ಕ್ರೂಡ್ರೈವರು, ಚಿಮುಟ ಎಲ್ಲಾನೂ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬಾಗಿಲಿಗೂ ಬೀಗ. ಡಾಕ್ಟರೇ ಹೇಳಿದ್ರು, ಇಂಥವರು ಹೊರಗೆ ಹೋದ್ರೆ ದಾರಿ ತಪ್ಪುತ್ತಾರೆ ಅಂತ.

ಇನ್ನೊಂದು ದಿನ ಅವಳ ತಲೆ ಬಾಚ್ತಾ ಇದ್ದೆ. ನನ್ನ ಮುಖಾನೇ ನೋಡ್ಕೊಂಡು, "ಎಷ್ಟು ಒಳ್ಳೆಯವರಮ್ಮ ನೀವು. ನಿಮ್ಮ ತಾಯಿ ಯಾರು?" ಅಂದಳು. ಹೆತ್ತ ತಾಯಿ ಹಾಗೆ ಕೇಳಿದಳು. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಇದನ್ನ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಬೀರು ಸರಿಮಾಡುವಾಗ ಡಾಕ್ಟರ ಫೈಲು ಸಿಕ್ತು. ಪರೀಕ್ಷೆ ದಿನ ಗಡಿಯಾರದ ಚಿತ್ರ ಬರೆಸಿದ್ರಲ್ಲ, ಅದೂ ಇದೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವಳಿಗೆ ಒಂದು ಗಡಿಯಾರ ಬರೆಯೋಕೆ ಬರಲಿಲ್ಲ. ಅಂಕಿ ಇಲ್ಲ, ಮುಳ್ಳಿಲ್ಲ, ಬರೀ ಚಕ್ರ ಚಕ್ರ ಗೀಚಿದ್ದಾಳೆ. ಬಂದವರ ಕಣ್ಣಿಗೆ ಬೀಳೋದು ಬೇಡ. ಹರಿದು ಹಾಕಲಾ?

ನಿನ್ನ ಅಮ್ಮ


ಮಾರ್ಚ್ 28

ಅಮ್ಮಾ,

ಹರಿಯಬೇಡ.

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ಸುತ್ತಿ ಬಳಸಿ ಹೇಳಿದರೆ ಹೇಳಲಾರೆ. ಅಜ್ಜಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ನನಗೆ ಅವತ್ತೇ, ಆ ಡಾಕ್ಟರ ಕೋಣೆಯಲ್ಲೇ ಗೊತ್ತಿತ್ತು.

ಆ ದಿನಗಳನ್ನು ನೆನಪಿಸಿಕೋ. ಅಂಗಡಿಯ ಕಬ್ಬಿಣದ ಮೆಟ್ಟಿಲಲ್ಲಿ ಅವಳು ಎರಡನೇ ಸಲ ಬಿದ್ದಿದ್ದಳು. ಮಾವ ಅಂಗಡಿ ಮುಚ್ಚು ಎನ್ನುತ್ತಿದ್ದ, ಅವಳು ಮುಚ್ಚುವುದಿಲ್ಲ ಎನ್ನುತ್ತಿದ್ದಳು. ನೀನು, "ಹಾಗಾದ್ರೆ ಮಗಳು ಅಜ್ಜಿ ಜೊತೆಗೇ ಇರಲಿ, ಇಲ್ಲೇ ಯಾವುದಾದ್ರೂ ಕೆಲಸ ನೋಡ್ಕೊಳ್ಳಲಿ" ಎಂದೆ. ನನ್ನ ಚೀಲದಲ್ಲಿ ಈ ಪ್ರೆಸ್ಸಿನ ಕೆಲಸದ ಪತ್ರ ಹನ್ನೆರಡು ದಿನದಿಂದ ಇತ್ತು. ಯಾರಿಗೂ ತೋರಿಸಿರಲಿಲ್ಲ. ಅಷ್ಟರಲ್ಲಿ ಮಾವ, ತಲೆಗೆ ಪೆಟ್ಟಾಗಿರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದ. ಕರೆದುಕೊಂಡು ಹೋದವಳು ನಾನು.

ಡಾಕ್ಟರು ಚಿಕ್ಕ ವಯಸ್ಸಿನವರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಇವತ್ತು ಯಾವ ತಾರೀಖು ಎಂದು ಕೇಳಿದರು. ಅಜ್ಜಿ ಅವರ ಮುಂಗೈ ನೋಡಿ, "ನಿಮ್ಮ ಗಡಿಯಾರದಲ್ಲೇ ತಾರೀಖಿದೆಯಲ್ಲ. ನಿಂತುಹೋಗಿದೆಯಾ? ಬಿಚ್ಚಿ ಕೊಡಿ" ಎಂದಳು. ಅವರು ಏನೋ ಬರೆದುಕೊಂಡರು. ಸೇಬು, ಮೇಜು, ಕೊಡೆ, ಈ ಮೂರು ಮಾತು ನೆನಪಿಟ್ಟುಕೊಳ್ಳಿ ಎಂದರು. ಐದು ನಿಮಿಷ ಬಿಟ್ಟು ಕೇಳಿದಾಗ, "ಅವನ್ನ ನೀವೇ ಇಟ್ಕೊಳ್ಳಿ ಡಾಕ್ಟ್ರೇ, ನಮ್ಮನೇಲಿ ಜಾಗ ಇಲ್ಲ" ಎಂದಳು. ಅವರು ಬರೆದುಕೊಂಡರು. ನನ್ನ ಕಡೆ ಬೆರಳು ತೋರಿಸಿ ಇವರು ಯಾರು ಎಂದರು. "ಇವಳಾ? ಸೆಕೆಂಡು." ಅದನ್ನೂ ಬರೆದುಕೊಂಡರು.

ಆಮೇಲೆ ಕಾಗದ ಕೊಟ್ಟು, ಹನ್ನೊಂದು ಗಂಟೆ ಹತ್ತು ನಿಮಿಷ ಆಗಿರುವ ಒಂದು ಗಡಿಯಾರ ಬರೆಯಿರಿ ಎಂದರು. ಅವಳು ಒಂದು ದುಂಡು ಗೆರೆ ಎಳೆದಳು, ಕೈ ಒಂದಿಷ್ಟೂ ನಡುಗಲಿಲ್ಲ. ಒಳಗೆ ಒಂದೊಂದೇ ಹಲ್ಲಿನ ಚಕ್ರ, ಸ್ಪ್ರಿಂಗು, ಅತ್ತಿತ್ತ ಆಡುವ ಆ ತೆಳು ಚಕ್ರ, ಸ್ಕ್ರೂ. ಡಾಕ್ಟರು, "ಮುಳ್ಳೆಲ್ಲಿ ಅಜ್ಜಿ?" ಎಂದರು.

"ಮುಳ್ಳು ಆ ಕಡೆ ಇದೆ. ನಾನು ನಲವತ್ತು ವರ್ಷ ಕೂತಿದ್ದು ಈ ಕಡೆ."

ಹಾಗೆ ಹೇಳಿ ಅವಳು ನನ್ನ ಮುಖ ನೋಡಿದಳು, ಅಮ್ಮಾ. ಒಳ್ಳೆಯ ಮಾತು ಹೊಡೆದಾಗ ಹುಬ್ಬೆತ್ತಿ ನೋಡುತ್ತಿದ್ದಳಲ್ಲ, ಹಾಗೆ. ಅಂಗಡಿಯಲ್ಲಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ನಾನು ನಕ್ಕಿದ್ದರೆ ಸಾಕಿತ್ತು, ಡಾಕ್ಟರಿಗೂ ಅರ್ಥವಾಗುತ್ತಿತ್ತು. ನಾನು ನನ್ನ ಚೀಲದ ಜಿಪ್ಪನ್ನು ನೋಡುತ್ತ ಕೂತೆ. ಇವಳಿಗೆ ಕಾಯಿಲೆ ಎಂದು ಬರೆದುಕೊಟ್ಟರೆ ಅಂಗಡಿ ಮುಚ್ಚುತ್ತದೆ, ಇವಳನ್ನು ಅಮ್ಮ ಕರೆದುಕೊಂಡು ಹೋಗುತ್ತಾಳೆ, ನಾನು ಹೊರಡಬಹುದು. ಇಷ್ಟೂ ಒಂದೇ ಕ್ಷಣದಲ್ಲಿ ನನ್ನ ತಲೆಗೆ ಬಂತು. ಅದಕ್ಕೇ ಸುಮ್ಮನಿದ್ದೆ.

ನೀನು ಬರೆದೆಯಲ್ಲ, ಬಾಗಿಲಿಗೆ ಬೀಗ ಹಾಕಿದೆ ಎಂದು. ಆ ಬೀಗ ಹಾಕಿಸಿದವಳು ನಾನು.

ನಿನ್ನ ಮಗಳು


ಏಪ್ರಿಲ್ 6

ಕಾಗದ ಬಂತು. ಹದಿನೆಂಟನೇ ತಾರೀಖು ನೀನು ಬರೋದು ಬೇಡ. ರಜ ಸಿಗಲಿಲ್ಲ ಅಂತ ಎಲ್ಲರಿಗೂ ನಾನೇ ಹೇಳ್ತೀನಿ.

ಅಮ್ಮ


ಮೇ 15

ಅಮ್ಮಾ,

ಫೋನ್ ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮಾಡುತ್ತಿದ್ದೆ. ಇನ್ನು ಮಾಡುವುದಿಲ್ಲ. ಇದನ್ನು ಓದುತ್ತೀಯೋ ಇಲ್ಲವೋ, ಆದರೆ ನಾನು ಹೋದ ಸಲ ಅರ್ಧ ಮಾತ್ರ ಬರೆದಿದ್ದೆ. ತಪ್ಪು ಒಪ್ಪಿಕೊಳ್ಳುವಾಗಲೂ ಸ್ವಲ್ಪ ಚೆನ್ನಾಗಿ ಕಾಣಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ.

ನಾನು ಸುಮ್ಮನೆ ಕೂತಿರಲಿಲ್ಲ. ಡಾಕ್ಟರು ಆ ಚಿತ್ರ ನೋಡಿ, ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದರು, "ಇವರು ಯಾವಾಗಿನಿಂದ ಹೀಗೆ?"

ಅವರು ಕೇಳಿದ್ದು ನನ್ನನ್ನೇ. ಮನೆಯವರ ಮಾತಿಗೆ ಬೆಲೆ ಇರುತ್ತದೆ ಎಂದೇ ಕೇಳಿದ್ದು. ನಾನು, "ಆರು ತಿಂಗಳಿಂದ" ಎಂದೆ. ಅಜ್ಜಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಅದು ಮೆಲ್ಲಗೆ ಹಿಂದಕ್ಕೆ ಸರಿಯಿತು.

ಆಮೇಲೆ ಡಾಕ್ಟರು ಏನು ಕೇಳಿದರೂ ಅವಳು ಉತ್ತರ ಕೊಡಲಿಲ್ಲ. ಹೊರಗೆ ಬಂದ ಮೇಲೆ ರಸ್ತೆ ದಾಟುವಾಗ ನಾನು ಕೈ ಹಿಡಿಯಲು ಹೋದೆ. "ನಾನೇ ದಾಟ್ತೀನಿ" ಎಂದಳು. ಅಷ್ಟೇ. ಮೂರು ವಾರ ಬಿಟ್ಟು ನಾನು ಹೊರಟೆ. ಆಮೇಲೆ ನಿಮ್ಮ ಮನೆಗೆ ಅವಳನ್ನು ನೋಡಲು ನಾನು ಬಂದದ್ದು ಒಂದೇ ಸಲ. ಹೇಗಿದ್ದೀಯಮ್ಮ, ಕೆಲಸ ಚೆನ್ನಾಗಿದೆಯಾ, ಊಟಕ್ಕೆ ಏನು ಮಾಡ್ತೀಯ ಎಂದು ಕೇಳಿದಳು. ಪಕ್ಕದ ಮನೆಯವರ ಹುಡುಗಿಯನ್ನು ಕೇಳುವ ಹಾಗೆ. ಸೆಕೆಂಡು ಎನ್ನಲಿಲ್ಲ. ನನ್ನ ಹತ್ತಿರ ಅವಳು ಮತ್ತೆ ಒಂದೇ ಒಂದು ತಮಾಷೆಯ ಮಾತಾಡಲಿಲ್ಲ. ನೀನು ಆಗ ಅಡುಗೆಮನೆಯಿಂದ, "ನೋಡು ಹೇಗಾಗಿಬಿಟ್ಟಿದ್ದಾಳೆ" ಎಂದು ಸನ್ನೆ ಮಾಡಿದೆ. ನಾನು ತಲೆಯಾಡಿಸಿದೆ. ಹೌದು ಎನ್ನುವಂತೆ. ಅದು ಎರಡನೇ ಸಲ.

ಅದಕ್ಕೇ ಮತ್ತೆ ಬರಲಿಲ್ಲ. ಕೆಲಸ ಜಾಸ್ತಿ ಎಂದು ನಿನಗೆ ಬರೆದದ್ದೆಲ್ಲ ಸುಳ್ಳು.

ಇಷ್ಟು ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ. ಆಗಬಾರದು ಕೂಡ.

ನಿನ್ನ ಮಗಳು


ಜುಲೈ 22

ಮಗಳೇ,

ಹಾಗೆ ಕರೀಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಬೇರೆ ಹೆಂಗೆ ಕರೀಲಿ?

ಮೊದಲು ಬೈಗುಳ. ದಿನವಿಡೀ ಬೇರೆಯವರ ತಪ್ಪು ತಿದ್ದೋ ಕೆಲಸ ಹಿಡಿದೀಯ. ಬೆಳಗಾದ್ರೆ ಅಕ್ಷರ ಹುಡುಕಿ ಹುಡುಕಿ ಗೆರೆ ಎಳೀತೀಯ. ನಿನಗೆ ಒಂದು ಸಲ ಬಸ್ಸು ಹತ್ತಿ ಬಂದು "ಅಮ್ಮಾ, ಬೀಗ ತೆಗೆ" ಅನ್ನೋಕೆ ಆಗಲಿಲ್ವಾ? ಹದಿನಾಲ್ಕು ತಿಂಗಳು ಇತ್ತಲ್ಲೇ. ಆ ದಿನ ಹೆದರಿದೆ, ಆಸೆ ಪಟ್ಟೆ, ಬಾಯಿ ತಪ್ಪಿತು, ಎಲ್ಲಾ ಸರಿ. ನಿನಗಾಗ ಇಪ್ಪತ್ತಮೂರು ವರ್ಷ, ಅದನ್ನ ನಾನು ಅರ್ಥ ಮಾಡ್ಕೋಬಲ್ಲೆ. ಆ ಮೇಲಿನ ದಿನಗಳಿಗೆ ಏನು ಹೇಳ್ತೀಯ?

ನಿನ್ನ ಬೈಯೋಕೆ ಕೂತ್ರೆ ಅರ್ಧಕ್ಕೇ ನಿಂತುಹೋಗುತ್ತೆ. ಯಾಕಂದ್ರೆ ಹಾಳಾದ ಈ ಮನೇಲಿ ದಿನಾ ಅವಳ ಜೊತೆ ಇದ್ದವಳು ನಾನು. ಡಾಕ್ಟರ ಕಾಗದ ನೋಡಿದೆ, ಅವಳ ಮುಖ ನೋಡಲಿಲ್ಲ. ಈಗ ಒಂದೊಂದೇ ನೆನಪಾಗುತ್ತೆ. ಅಡುಗೆಮನೆ ಗಡಿಯಾರ ಏಳು ನಿಮಿಷ ಹಿಂದಿತ್ತು. ಅದರಿಂದ ನನಗೆ ವಾರಕ್ಕೆರಡು ಸಲ ಬಸ್ಸು ತಪ್ತಾ ಇತ್ತು, ಬಂದು ಅವಳ ಮುಂದೇನೇ ಗೊಣಗ್ತಿದ್ದೆ. ಅವಳು ಅದನ್ನ ಸರಿ ಮಾಡ್ತಾ ಕೂತಿದ್ದಳು. ನಾನು ಕಿತ್ಕೊಂಡು ಚೆಲ್ಲಿದೆ. ಮಂಚದ ಕೆಳಗೆ ಬಿದ್ದ ಚಕ್ರಗಳನ್ನ ಮಾರನೇ ದಿನ ಪೊರಕೇಲಿ ಗುಡಿಸಿ ಎಸೆದೆ. ಅವಳು ಮಂಚದ ಮೇಲಿಂದ ನೋಡ್ತಾ ಇದ್ದಳು.

"ಎಷ್ಟು ಒಳ್ಳೆಯವರಮ್ಮ ನೀವು, ನಿಮ್ಮ ತಾಯಿ ಯಾರು" ಅಂದಿದ್ದಳಲ್ಲ. ನಿನ್ನ ಕಾಗದ ಬಂದು ಎರಡು ತಿಂಗಳ ಮೇಲೆ ಲಾಂಡ್ರೀಲಿ ಹೊದಿಕೆ ಮಡಚ್ತಾ ಇದ್ದೆ, ಆಗ ಅರ್ಥ ಆಯ್ತು. ಇಷ್ಟು ಒಳ್ಳೆ ಮಗಳನ್ನ ಹೆತ್ತ ಮಹಾತಾಯಿ ಯಾರು ಅಂತ ತನ್ನನ್ನೇ ಹೊಗಳಿಕೊಂಡದ್ದು ಕಣೇ ಅದು! ನನ್ನನ್ನೂ ಹೊಗಳಿದ್ದು. ಹೊದಿಕೆ ಹಿಡ್ಕೊಂಡು ನಿಂತಲ್ಲೇ ನಕ್ಕೆ, ಆಮೇಲೆ ಕೂತ್ಕೋಬೇಕಾಯ್ತು. ಅವಳು ನಗಿಸೋಕೆ ಹೇಳಿದ ಮಾತಿಗೆ ನಾನು ನಲ್ಲಿ ಬಿಟ್ಕೊಂಡು ಅತ್ತಿದ್ದೀನಿ. ಗೋಡೆ ಆ ಕಡೆ ಕೂತು ನಲ್ಲಿ ಸದ್ದು ಕೇಳ್ತಾ ಏನಂದುಕೊಂಡಳೋ.

ಹೋದ ವಾರ ಆ ಚಿತ್ರ ತಗೊಂಡು ಅಂಗಡಿ ಬೀದಿಗೆ ಹೋದೆ. ಅವಳ ಜಾಗದಲ್ಲಿ ಈಗ ಹೊಸ ರಿಪೇರಿಯವನು ಕೂತಿದ್ದಾನೆ. ಅವನ ಮುಂದೆ ಇಟ್ಟೆ. "ಇದು ಹಿಂಬದಿ. ಮುಚ್ಚಳ ತೆಗೆದ್ರೆ ಹೀಗೇ ಇರುತ್ತೆ. ಚೆನ್ನಾಗಿ ಬರೆದಿದ್ದಾರೆ, ಒಂದು ಸ್ಕ್ರೂನೂ ಬಿಟ್ಟಿಲ್ಲ. ಯಾರು ಬರೆದಿದ್ದು?" ಅಂದ. ಮುಂಚೆ ಇಲ್ಲಿ ಕೂರ್ತಿದ್ದವರು ಅಂದೆ. "ಓ, ಆ ತಲೆ ಕೆಟ್ಟ ಅಜ್ಜಿಯಾ?" ಅಂದ.

ಹಾಗಂತೆ ಆ ಬೀದೀಲಿ ಅವಳ ಹೆಸರು. ಅಂಗಡಿ ಮುಚ್ಚಿದಾಗ ತಲೆ ಕೆಟ್ಟಿದೆಯಂತೆ ಅಂತ ಸುದ್ದಿ ಹಬ್ಬಿ, ಜನ ಅವಳು ರಿಪೇರಿ ಮಾಡಿಕೊಟ್ಟ ಒಳ್ಳೆ ಗಡಿಯಾರಗಳನ್ನೂ ಮತ್ತೆ ಬೇರೆಯವರಿಗೆ ತೋರಿಸಿಕೊಂಡ್ರಂತೆ, ಹುಚ್ಚಿ ಏನು ಮಾಡಿಟ್ಟಿದ್ದಾಳೋ ಅಂತ. ನಲವತ್ತು ವರ್ಷದ ಕೈಕೆಲಸ.

ನೀನು ನನ್ನ ಹತ್ರ ಕ್ಷಮೆ ಕೇಳಿಲ್ಲ, ಒಳ್ಳೇದೇ ಆಯ್ತು. ಕೇಳಿದ್ರೆ ಕೊಡ್ತಿರಲಿಲ್ಲ. ನೀನು ಒಂದು ಕೆಲಸ ಮಾಡು. ಆ ಬೀದಿಗೆ ಹೋಗು. ಒಂದೊಂದು ಅಂಗಡಿ ಬಾಗಿಲಲ್ಲೂ ನಿಂತು ಹೇಳು, ಅವಳ ತಲೆ ನೆಟ್ಟಗಿತ್ತು, ನಾನು ಸುಳ್ಳು ಹೇಳಿದೆ ಅಂತ. ನಿನ್ನ ಮಾವನಿಗೂ ನೀನೇ ಹೇಳು. ನಾನು ಜೊತೆಗೆ ಬರೋದಿಲ್ಲ. ಹೇಳಿದಮೇಲೆ ಬರಿ. ಹೇಳದೇ ಇದ್ರೆ ಬರೀಬೇಡ.

ಅಮ್ಮ


ಸೆಪ್ಟೆಂಬರ್ 11

ಅಮ್ಮಾ,

ಹೇಳಿ ಬಂದೆ.

ಮೊದಲು ಮಾವನ ಮನೆ. ಕೂಗಾಡುತ್ತಾನೆ ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಕೂಗಾಡಲಿಲ್ಲ. "ಅಂಗಡಿ ಮುಚ್ಚು ಅಂತ ಮೊದಲು ಹೇಳಿದವನು ನಾನಲ್ವಾ" ಎಂದ. ಟೀ ಕೂಡ ಕೊಡದೆ ಒಳಗೆ ಹೋದ. ಅತ್ತೆ ನನ್ನನ್ನು ಬಾಗಿಲವರೆಗೆ ಬಿಟ್ಟು, "ಇವತ್ತು ಹೋಗಮ್ಮ" ಎಂದರು.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಬೀದಿಗೆ ಹೋದೆ. ಅಮ್ಮಾ, ನಾಚಿಕೆ ಎನ್ನುವುದು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಬಯ್ಯುತ್ತಾರೆ ಅಂದುಕೊಂಡಿದ್ದೆ. ಯಾರೂ ಬಯ್ಯಲಿಲ್ಲ. ಚಪ್ಪಲಿ ಅಂಗಡಿಯವನು ಗಿರಾಕಿಯ ಕಾಲಿಗೆ ಅಳತೆ ನೋಡುತ್ತಲೇ ಕೇಳಿದ. "ಹೌದಾ? ಪಾಪ" ಎಂದು ಇನ್ನೊಂದು ಡಬ್ಬಿ ತೆಗೆದ. ಔಷಧಿ ಅಂಗಡಿಯವಳು, "ಯಾವ ಅಜ್ಜಿ?" ಎಂದಳು. ಅವಳು ಹೊಸಬಳು. ಆದರೂ ಹೇಳಿದೆ, ನೀನು ಒಂದೊಂದು ಬಾಗಿಲಲ್ಲೂ ಎಂದಿದ್ದೆಯಲ್ಲ. ಕನ್ನಡಕದಂಗಡಿಯವರು ಮಾತ್ರ ಪೂರ್ತಿ ಕೇಳಿ, "ಇದನ್ನ ಈಗ ಹೇಳಿ ಏನು ಪ್ರಯೋಜನಮ್ಮ?" ಎಂದರು. "ಆದರೂ ಕೇಳಿಸಿಕೊಳ್ಳಿ" ಎಂದೆ.

ಹೊಸ ರಿಪೇರಿಯವನಿಗೂ ಹೇಳಿದೆ. ಅವನು ಭೂತಗನ್ನಡಿ ತೆಗೆದು ಎದ್ದು ನಿಂತ. ಆ ಮಾತು ಆಡಬಾರದಿತ್ತು ಎಂದು ನಿನಗೆ ತಿಳಿಸಲು ಹೇಳಿದ್ದಾನೆ.

ಕೀ ಮಾಡುವವರ ಅಂಗಡಿಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅವರ ಕೈ ಈಗ ನಡುಗುತ್ತದೆ, ಕೀ ಉಜ್ಜುವ ಕೆಲಸ ಮಗ ಮಾಡುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ, "ಕೂತ್ಕೋ. ಬೆಳಗ್ಗೆಯಿಂದ ಈ ಬೀದೀಲಿ ನಿನ್ನ ನೋಡ್ತಾ ಇದ್ದೀನಿ" ಎಂದರು. ನಾನು ಹೇಳಿದೆ. ಅವರು, "ನನಗೆ ಗೊತ್ತು" ಎಂದರು.

"ಹೇಗೆ?"

"ಅವತ್ತು ಮಧ್ಯಾಹ್ನ ನಿಮ್ಮಜ್ಜಿ ಇದೇ ಸ್ಟೂಲ್ ಮೇಲೆ ಕೂತು ಹೇಳಿದ್ರು. 'ಕಳ್ಳಾ, ಡಾಕ್ಟ್ರ ಮುಂದೆ ನಾಲ್ಕು ಜೋಕ್ ಹೊಡೆದೆ, ಒಂದಕ್ಕೂ ಹುಡುಗಿ ನಗಲಿಲ್ಲ. ಡಾಕ್ಟ್ರಿಗೆ ಅರ್ಥ ಆಗದಿದ್ರೆ ಹೋಗಲಿ. ಇವಳಿಗೆ ಅರ್ಥ ಆಗಿಯೂ ನಗಲಿಲ್ಲ. ಆವಾಗ ನನಗೆ ಗೊತ್ತಾಯ್ತು, ಇವಳಿಗೆ ಇಲ್ಲಿಂದ ಹೋಗೋಕೆ ಎಷ್ಟು ಆಸೆ ಇದೆ ಅಂತ' ಅಂದ್ರು."

ಅವರೇ ಮುಂದುವರಿಸಿದರು: "'ನನ್ನನ್ನ ಕೇಳಿದ್ರೆ ಹೋಗು ಅಂತಿದ್ದೆ. ನಾನೇ ಸೂಟ್‌ಕೇಸ್ ತುಂಬಿಕೊಡ್ತಿದ್ದೆ. ಕೇಳಲೇ ಇಲ್ವಲ್ಲ, ಕತ್ತೆ' ಅಂತ ಬೈದ್ರು. ನಾಳೆ ಹೋಗಿ ಡಾಕ್ಟ್ರಿಗೆ ನಿಜ ಹೇಳಿ ಮಹಾತಾಯಿ ಅಂದೆ. 'ಹೇಳಿದ್ರೆ ಅವಳು ಸುಳ್ಳಿ ಆಗ್ತಾಳೆ, ಅವಳಿನ್ನೂ ಬಾಳಬೇಕು. ನಾನು ಹುಚ್ಚಿ ಆದ್ರೆ ಎಷ್ಟು ದಿನಕ್ಕೆ?' ಅಂದ್ರು. ಯಾರಿಗೂ ಹೇಳಬೇಡ ಅಂತ ನನ್ನ ಕೈಲಿ ಮಾತು ತಗೊಂಡ್ರು. ಈಗ ನೀನೇ ಬಂದು ಹೇಳಿದೆಯಲ್ಲ, ಅದಕ್ಕೆ ಬಾಯಿ ಬಿಟ್ಟೆ."

ಅಮ್ಮಾ, ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತೇನೋ. ನನಗಾದದ್ದು ಬೇರೆ. ನಾನು ಅವಳಿಗೆ ಮೋಸ ಮಾಡಿದೆ ಎಂದು ಇಷ್ಟು ದಿನ ತಿಳಿದಿದ್ದೆ. ಅವಳು ಮೋಸ ಹೋಗಿರಲೇ ಇಲ್ಲ. ಎಲ್ಲ ಗೊತ್ತಿದ್ದು, ನನಗೋಸ್ಕರ ಆ ಬೀಗದ ಹಿಂದೆ ಹದಿನಾಲ್ಕು ತಿಂಗಳು ಕೂತಳು. ನಾನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಜ್ಜಿ, ನನಗೆ ಕೆಲಸ ಸಿಕ್ಕಿದೆ, ಹೋಗಲಾ? ಇಷ್ಟೇ. ಕೇಳಿದರೆ ಬೇಡ ಎನ್ನುತ್ತಾಳೆಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಆರು ವರ್ಷ ಜೊತೆಗಿದ್ದೂ ಅವಳನ್ನು ಅಷ್ಟು ಸಣ್ಣ ಮನಸ್ಸಿನವಳೆಂದು ಎಣಿಸಿದೆನಲ್ಲ, ಅದನ್ನು ಬಾಯಿಬಿಟ್ಟು ಯಾರ ಬಾಗಿಲಲ್ಲಿ ಹೇಳಲಿ?

ನಿನಗೆ ಬೇಕಾದಾಗ ಬರಿ. ಬೇಡವೆನಿಸಿದರೆ ಬಿಡು. ನಾನು ಕಾಯುತ್ತೇನೆ ಎಂದು ಹೇಳುವುದಿಲ್ಲ, ಅದು ನಿನ್ನ ಮೇಲೆ ಭಾರ ಹಾಕಿದಂತೆ.

ನಿನ್ನ ಮಗಳು


ನವೆಂಬರ್ 14

ಮಗಳೇ,

ನಿನ್ನ ಕಾಗದ ಬಂದು ಎರಡು ತಿಂಗಳಾಯ್ತು. ಓದಿ ಮಡಚಿಟ್ಟಿದ್ದೆ. ಉತ್ತರ ಬರೀಬೇಕು ಅಂತ ಕೂತ್ರೆ ಒಂದಿನ ಸಿಟ್ಟು ಬರೋದು, ಇನ್ನೊಂದಿನ ಅಳು. ಇವತ್ತು ಎರಡೂ ಇಲ್ಲ, ಅದಕ್ಕೆ ಬರೀತಿದ್ದೀನಿ.

ಕೀ ಮಾಡುವವರ ಮನೆಗೆ ನಾನೂ ಹೋಗಿದ್ದೆ. ಮತ್ತೊಂದು ಸಲ ಅವರ ಬಾಯಿಂದಾನೇ ಕೇಳ್ಬೇಕು ಅನಿಸಿತು. ಕೇಳಿದೆ. ನಮ್ಮಮ್ಮ ನನ್ನ ಬಗ್ಗೆ ಏನಾದ್ರೂ ಅಂದಿದ್ಳಾ ಅಂತ ಕೇಳೋಕೆ ಬಾಯಿವರೆಗೂ ಬಂತು. ಕೇಳಲಿಲ್ಲ. ಆ ಭಯ ನನಗಿರಲಿ.

ಕ್ಷಮಿಸಿದ್ದೀನಾ ಅಂದ್ರೆ ಇಲ್ಲ. ಮುಂದೆ ಯಾವಾಗಲೋ ಆಗಬಹುದು, ಗೊತ್ತಿಲ್ಲ. ನನ್ನನ್ನೇ ನಾನು ಇನ್ನೂ ಕ್ಷಮಿಸಿಕೊಂಡಿಲ್ಲ, ನಿನ್ನ ಸರದಿ ಆಮೇಲೆ. ಆದ್ರೆ ನೀನು ಆ ಬೀದೀಲಿ ಒಬ್ಬಳೇ ನಡೆದೆ. ಗೊತ್ತೇ ಇಲ್ಲದ ಔಷಧಿ ಅಂಗಡಿಯವಳ ಹತ್ರಾನೂ ಬಿಡದೆ ಹೇಳಿದೆ. ಅದನ್ನ ಓದಿದಾಗ ನನಗೆ ಬೇರೇನೋ ಅನಿಸಿತು. ಅದಕ್ಕೆ ಹೆಸರು ಹುಡುಕೋಕೆ ಹೋಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಡಿಸೆಂಬರ್ ಎರಡಕ್ಕೆ ಆಪರೇಷನ್ ಅಂತ ಹೇಳಿದ್ದಾರೆ. ದೊಡ್ಡದೇನಲ್ಲ, ಸಂಜೆಗೆ ಮನೆಗೆ ಕಳಿಸ್ತಾರಂತೆ. ಆದ್ರೆ ಜೊತೆಗೊಬ್ಬರು ಇರಲೇಬೇಕಂತೆ. ನಿನ್ನ ಮಾವ ನಾನು ಬರ್ತೀನಿ ಅಂದ. ನೀನು ಬರೋದು ಬೇಡ ಅಂತ ಅವನಿಗೆ ಹೇಳಿದೆ.

ಆಸ್ಪತ್ರೇಲಿ ಎರಡು ಪುಟದ ಫಾರಂ ಕೊಟ್ಟಿದ್ದಾರೆ. ವಯಸ್ಸು, ಸಕ್ಕರೆ ಇದೆಯಾ, ಬಿಪಿ ಇದೆಯಾ, ಅದೆಲ್ಲ ನಾನೇ ತುಂಬಿದೆ. ಕೊನೇಲಿ ಒಂದು ಸಾಲಿದೆ, ಅಗತ್ಯ ಬಿದ್ದರೆ ರೋಗಿಯ ಪರವಾಗಿ ವೈದ್ಯರ ಜೊತೆ ಮಾತಾಡುವವರು ಯಾರು ಅಂತ. ಪೆನ್ನು ಹಿಡ್ಕೊಂಡು ತುಂಬ ಹೊತ್ತು ಕೂತಿದ್ದೆ. ಕೌಂಟರಿನ ಹುಡುಗಿ, "ಬೇಗ ಬರೀರಿ ಅಮ್ಮ, ಹಿಂದೆ ಜನ ಇದ್ದಾರೆ" ಅಂದಳು.

ಅಲ್ಲಿ ನಿನ್ನ ಹೆಸರು ಬರೆದಿದ್ದೀನಿ. ಒಂದನೇ ತಾರೀಖು ಸಂಜೆಯೊಳಗೆ ಬಾ.

ನಿನ್ನ ಅಮ್ಮ